ಕುಮಟಾ ಹತ್ತಿ ಬೆಳೆಯುತ್ತಿದ್ದದ್ದು ಎಲ್ಲಿ?

ಪತ್ರ: ‘ನದಿ ಸಾರಿಗೆ ಬೇಕು ಎಂದು ಬರೆದಿದ್ದೀರಿ. ಬೇಸಿಗೆಯಲ್ಲಿ ನಮ್ಮ ಹೊಳೆಗಳಲ್ಲಿ ಮೊಣಕಾಲುದ್ದ ನೀರಿರುವುದಿಲ್ಲ. 2016ರ ಕಾನೂನಿನಲ್ಲಿ 111 ರಾಷ್ಟ್ರೀಯ ಜಲಮಾರ್ಗ ಅಂತ ಬರೆದುಕೊಂಡರೆ ದೋಣಿ ಓಡುತ್ತದೆಯೇ? ಸಣ್ಣ ಬಂದರುಗಳ ಕಾಲ ಮುಗಿಯಿತು. ಆ ದುಡ್ಡಿನಲ್ಲಿ ಘಾಟಿ ರಸ್ತೆ ಅಗಲ ಮಾಡಲಿ.’
– ಹಾಸನದ ಓದುಗರೊಬ್ಬರು

ಉತ್ತರ: ಸಿಟ್ಟಿನಲ್ಲಿ ಬರೆದರೂ ಲೆಕ್ಕ ಬಿಡದೆ ಬರೆದಿದ್ದೀರಿ, ಖುಷಿಯಾಯಿತು. ಘಟಪ್ರಭಾ, ಮಲಪ್ರಭಾಗಳಲ್ಲಿ ವರ್ಷಪೂರ್ತಿ ಸರಕು ಸಾಗಿಸುವುದು ಆಗದ ಮಾತು, ಒಪ್ಪಿದೆ. ಪಟ್ಟಿಗೆ ಹೆಸರು ಸೇರಿಸಿದರೆ ಹೊಳೆಗೆ ನೀರು ಬರುವುದಿಲ್ಲ.

ಆದರೆ ಕರಾವಳಿಯ ಹೊಳೆಗಳ ಕಥೆಯೇ ಬೇರೆ. ಅಲ್ಲಿ ಸಮುದ್ರದ ಉಬ್ಬರ ದಿನಕ್ಕೆರಡು ಸಲ ಒಳಗೆ ಬರುತ್ತದೆ. ಶರಾವತಿಯಲ್ಲಂತೂ ವಿದ್ಯುತ್ ಕೇಂದ್ರದಿಂದ ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯುತ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರಲ್ಲ, ಆ ಮೆಣಸು ಹೊನ್ನಾವರದ ಕಡಲು ಸೇರಿದ್ದು ಇದೇ ಹೊಳೆಯ ಮೇಲೆ.

‘ಕಾಲ ಮುಗಿಯಿತು’ ಅಂದಿರಿ. ಆ ಮಾತು ಚುಚ್ಚಿತು. ಕುಮಟಾ ನೋಡಿ. 19ನೇ ಶತಮಾನದಲ್ಲಿ ‘ಕುಮಟಾ ಹತ್ತಿ’ ಅಂದರೆ ಮುಂಬೈ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಹತ್ತಿ ಬೆಳೆಯುತ್ತಿದ್ದದ್ದು ಧಾರವಾಡದ ಕಪ್ಪು ಮಣ್ಣಿನಲ್ಲಿ. ಎತ್ತಿನ ಗಾಡಿಗಳು ಘಾಟಿ ಇಳಿದು ಬಂದು ಕುಮಟೆಯಲ್ಲಿ ಹಡಗು ಹತ್ತಿಸುತ್ತಿದ್ದವು, ಹೆಸರು ಬಂದರಿನದಾಯಿತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ನಮ್ಮ ಹತ್ತಿಯೇ ಬೇಕಾಯಿತು, ಊರು ಉಬ್ಬಿತು. 1880ರ ದಶಕದ ಕೊನೆಗೆ ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು. ಹತ್ತಿ ಅತ್ತ ಹೋಯಿತು. ಕುಮಟೆಯ ಕಡಲು ಬತ್ತಿತ್ತಾ? ಇಲ್ಲ. ಬಂದರಿನ ಬೆನ್ನಿಗಿದ್ದ ದಾರಿ ಸೋತಿತು, ಅಷ್ಟೇ.

ಹಾಗಾಗಿ ನಿಮ್ಮ ಘಾಟಿ ರಸ್ತೆಗೆ ನಾನು ಶತ್ರು ಅಲ್ಲ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಹಾಸನದಿಂದ ರೈಲು ಬಂದದ್ದು 1979ರಲ್ಲಿ. ಆಮೇಲೆ ಹಳಿ ಅಗಲ ಮಾಡಲು ಮುಚ್ಚಿದವರು ಹತ್ತು ವರ್ಷ ಎಳೆದರು. ಅಷ್ಟೂ ದಿನ ಲಾರಿಗಳು ಶಿರಾಡಿ ಘಾಟಿ ಹತ್ತಬೇಕಾಯಿತು. ಹಾಸನದವರಾದ ನಿಮಗೆ ಇದನ್ನು ನಾನು ಹೇಳಬೇಕೇ?

ಆದರೆ ಎಲ್ಲವನ್ನೂ ರಸ್ತೆಯ ಮೇಲೇ ಹೇರುವುದು ಯಾವ ಲೆಕ್ಕ? ಸಾರಿಗೆಯವರು ಒಂದು ಹಳೆಯ ಲೆಕ್ಕ ಹೇಳುತ್ತಾರೆ: ಒಂದು ಹಾರ್ಸ್‌ಪವರ್ ರಸ್ತೆಯಲ್ಲಿ 150 ಕಿಲೋ ಎಳೆದರೆ ರೈಲಿನಲ್ಲಿ 500, ನೀರಿನಲ್ಲಿ 4,000 ಕಿಲೋ. ಹೆಂಚು ಮಾಡುವವರಿಗೆ ಇದು ಮೊದಲೇ ಗೊತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಹಾಕಿದ್ದು ನೇತ್ರಾವತಿಯ ದಡದಲ್ಲೇ. ಆವೆಮಣ್ಣು ಬರುವುದೂ ದೋಣಿಯಲ್ಲಿ, ಹೆಂಚು ಹೋಗುವುದೂ ನೀರಿನ ಮೇಲೆ.

ಹೋದ ಮಾರ್ಚ್‌ನಲ್ಲಿ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ, ಅಂದರೆ ಸರಕು ಏರಿಸಿ ಇಳಿಸುವ ಕಟ್ಟೆಯಲ್ಲಿ, ಒಂದು ಬೆಳಗ್ಗೆ ಪೂರ್ತಿ ನಿಂತಿದ್ದೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗೆ, ಅಂದರೆ ಮರದ ಹಡಗಿಗೆ, ಸಾಮಾನು ಏರುತ್ತಿತ್ತು. ಈರುಳ್ಳಿ ಮೂಟೆ, ಸಿಮೆಂಟು, ಜಲ್ಲಿ, ಮೇಲೆ ಬಾಳೆಗೊನೆ. ಹಲಗೆ ಮೇಲೆ ಹಮಾಲರು ಒಬ್ಬರ ಹಿಂದೆ ಒಬ್ಬರು. ಐದು ಮೂಟೆಗೊಂದು ಗೀಟಿನಂತೆ ಒಬ್ಬ ಹುಡುಗ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದ. ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ದ್ವೀಪದ ಅಡುಗೆಮನೆಗೆ ಈರುಳ್ಳಿ ಇವತ್ತಿಗೂ ಈ ದಕ್ಕೆಯಿಂದ ಹೋಗುತ್ತದೆ. ನೀವು ಸತ್ತಿದೆ ಅಂದ ಬಂದರು ಇದು.

ನನ್ನ ಸಂಕಟ ಏನೆಂದರೆ, ನಾವು ಹೊಳೆಗೆ ಬೆನ್ನು ಹಾಕಿ ಮನೆ ಕಟ್ಟಿದೆವು. ಮರಳು ಬೇಕಾದಾಗ ಹೊಳೆ ನೆನಪಾಗುತ್ತದೆ, ಕಸ ಎಸೆಯುವಾಗ ನೆನಪಾಗುತ್ತದೆ. ಅಳಿವೆಯಲ್ಲಿ ಹೂಳು ತುಂಬಿ ಮೀನಿನ ದೋಣಿ ಮಗುಚಿದರೆ ಒಂದು ದಿನದ ಸುದ್ದಿ. ಫ್ಲೈಓವರ್ ತಡವಾದರೆ ತಿಂಗಳುಗಟ್ಟಲೆ ಕೂಗು. ಪಾಠದ ಪುಸ್ತಕದಲ್ಲಿ ನದಿ ಅಂದರೆ ಅಣೆಕಟ್ಟು, ನೀರಾವರಿ. ಮಕ್ಕಳಿಗೆ ಅದು ದಾರಿ ಅಂತ ಹೇಳುವವರೇ ಇಲ್ಲ.

ಮಳೆಗಾಲಕ್ಕೆ ಮಂಜಿಗಳ ಓಡಾಟ ನಿಲ್ಲುತ್ತದೆ. ಅದಕ್ಕೂ ಮೊದಲು ಒಮ್ಮೆ ಬನ್ನಿ, ದಕ್ಕೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಬೆಳಗ್ಗೆ ಬೇಗ ಬಂದರೆ ಒಳ್ಳೆಯದು, ಬಿಸಿಲೇರಿದ ಮೇಲೆ ಹಮಾಲರು ಊಟಕ್ಕೆ ಕೂರುತ್ತಾರೆ.

– ಸಂಪಾದಕ