ಕೃಷಿ ಯೋಜನೆಯಲ್ಲಿ ಪೌಷ್ಟಿಕತೆಯ ಗುರಿ ಸೇರಿಸುವುದು ಹೇಗೆ? ಆದಾಯ ಹೆಚ್ಚಿಸಿದರೆ ಸಾಲದೇ?

ಮಲೆನಾಡಿನ ಹೊಸನಗರದ ಕಡೆ ಸಣ್ಣ ಅಡಿಕೆ ಬೆಳೆಗಾರರಿಗೆ ನೆರವು ಕೊಡುತ್ತಿದ್ದೇವೆ, ಆದಾಯ ಹೆಚ್ಚಿದರೆ ಊಟವೂ ತಾನಾಗಿ ಸುಧಾರಿಸುತ್ತದಲ್ಲವೇ ಎಂದು ಕೇಳಿದ್ದೀರಿ. ತಾನಾಗಿ ಆಗುವುದಿಲ್ಲ. ಅದೇ ಭಾಗದಲ್ಲಿ ಆರು ವರ್ಷ ಊರೂರು ತಿರುಗಿ ಇದೇ ಕೆಲಸ ಮಾಡಿದ್ದೇನೆ.

ಅಡಿಕೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಸೊಸೈಟಿ ಸಾಲ, ಮನೆ ರಿಪೇರಿ, ಮದುವೆ ಅಂತ ಖಾಲಿಯಾಗುತ್ತದೆ. ಗದ್ದೆಯನ್ನು ತೋಟ ಮಾಡಿದವರಿಗೆ ಅಕ್ಕಿಯೂ ಅಂಗಡಿಯದೇ. ಅನ್ನ, ತಿಳಿಸಾರು, ಉಪ್ಪಿನಕಾಯಿಯಲ್ಲಿ ಹೊಟ್ಟೆ ತುಂಬುತ್ತದೆ, ಮೈಗೆ ರಕ್ತ ಆಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇದೆ. ಹತ್ತಿರ ಹತ್ತಿರ ಅರ್ಧ!

ಅದಕ್ಕೇ ಯೋಜನೆ ಬರೆಯುವಾಗಲೇ ತಟ್ಟೆಯ ಲೆಕ್ಕವನ್ನೂ ಬರೆಯಿರಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಒಂದು ಸುಲಭದ ಅಳತೆ ಇದೆ. ಆಹಾರವನ್ನು 10 ಗುಂಪು ಮಾಡುತ್ತಾರೆ: ಧಾನ್ಯ-ಗಡ್ಡೆ, ಬೇಳೆಕಾಳು, ಹಾಲು, ಮೊಟ್ಟೆ, ಮೀನು-ಮಾಂಸ, ಹಸಿರು ಸೊಪ್ಪು ಹೀಗೆ. ಮನೆಯ ಹೆಂಗಸು ಹಿಂದಿನ ದಿನ ಇಡೀ ಇವುಗಳಲ್ಲಿ ಎಷ್ಟು ಗುಂಪಿನದು ತಿಂದಳು ಎಂದು ಕೇಳಬೇಕು. 5 ಆದರೂ ಇರಬೇಕು. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಮೊದಲ ವರ್ಷ ನಾವು ಜೂನ್‌ನಲ್ಲಿ ಟೊಮ್ಯಾಟೊ, ಬೀನ್ಸ್, ಹರಿವೆ ಬೀಜ ಹಂಚಿದೆವು. ನಮ್ಮ ಮಳೆ ಗೊತ್ತಲ್ವಾ? ಆಷಾಢ ಮುಗಿಯುವುದರೊಳಗೆ ಎಲ್ಲ ಕೊಳೆತಿತ್ತು. ಆ ಮಳೆಯಲ್ಲೂ ಅಜ್ಜಿಯಂದಿರ ಹಿತ್ತಲಲ್ಲಿ ಕೆಸು, ಒಂದೆಲಗ, ಬೇಲಿಯ ಚಕ್ರಮುನಿ ಸೊಪ್ಪು ಸೊಂಪಾಗಿದ್ದವು. ಮರುವರ್ಷ ಅವುಗಳ ಗಡ್ಡೆ, ಬಳ್ಳಿ, ಕಡ್ಡಿಯನ್ನೇ ಮನೆಯಿಂದ ಮನೆಗೆ ದಾಟಿಸಿದೆವು. ಖರ್ಚು ಏನೂ ಬರಲಿಲ್ಲ.

ತರಕಾರಿ ಬೀಜವನ್ನು ಮಳೆ ನಿಂತ ಮೇಲೆ ಕೊಟ್ಟೆವು. ಆಗ ಇನ್ನೊಂದು ತೊಡಕು ಎದುರಾಯಿತು. ಅದು ಕೊಯ್ಲಿನ ಕಾಲ. ಹೆಂಗಸರು ರಾತ್ರಿ ಹತ್ತಾದರೂ ಅಡಿಕೆ ಸುಲಿಯುತ್ತಾ ಮೆಟ್ಟುಗತ್ತಿಯ ಮುಂದೆಯೇ ಇರುತ್ತಾರೆ. ತರಕಾರಿ ಮಡಿಗೆ ನೀರು ಹೊರುವವರು ಯಾರು? "ತಂಗೀ, ನಿನ್ನ ಸೊಪ್ಪಿಗೂ ನಾನೇ ಬೇಕಾ?" ಎಂದು ಒಬ್ಬ ಅಕ್ಕ ಕೇಳಿದ್ದು ಇವತ್ತಿಗೂ ನೆನಪಿದೆ. ಅವರ ಮೈಮೇಲೆ ಇನ್ನೊಂದು ಕೆಲಸ ಹೇರುವ ಯೋಜನೆ ಯಾವುದೇ ಇರಲಿ, ನನಗೆ ಒಪ್ಪಿಗೆಯಿಲ್ಲ. ಆಮೇಲೆ ಬಚ್ಚಲ ನೀರು ಹರಿಯುವ ಕಡೆಗೇ ಮಡಿ ಮಾಡಿಸಿದೆವು.

ನಿಮ್ಮ ಬಜೆಟ್‌ನಲ್ಲೂ ನೀರಿನ ಪೈಪಿಗೆ ದುಡ್ಡು ಇಡಿ. ಕೋಳಿ ಕೊಡುವುದಾದರೆ ಹೆಂಗಸರ ಕೈಗೇ ಕೊಡಿ, ಗೂಡಿನ ಸಮೇತ. ಮೊಟ್ಟೆ ಮಾರಿದ ದುಡ್ಡಲ್ಲಿ ಸಂತೆಯಿಂದ ಬೇಳೆ, ಮೀನು ತರುವುದು ಅವರೇ.