ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವುದು ಜನರೋ, ಪಕ್ಷದ ದೊಡ್ಡವರೋ?

ಅಮೆರಿಕದಲ್ಲಿ ಪ್ರೈಮರಿ (ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಒಂದೊಂದು ರಾಜ್ಯದಲ್ಲೂ ನಡೆಯುವ ಮತದಾನ) ನಡೆಸಿ ಜನರಿಂದ ಮತ ಹಾಕಿಸಿದರೂ ಡೆಮಾಕ್ರಟಿಕ್ ಪಕ್ಷದಲ್ಲಿ ಸೂಪರ್ ಡೆಲಿಗೇಟ್‌ಗಳೇ (ಪ್ರೈಮರಿ ಫಲಿತಾಂಶಕ್ಕೆ ಕಟ್ಟುಬೀಳದೆ ತಮಗಿಷ್ಟ ಬಂದವರಿಗೆ ಮತ ಹಾಕಬಲ್ಲ ಪಕ್ಷದ ಪ್ರಮುಖರು) ಕೊನೆಯ ತೀರ್ಮಾನ ಮಾಡುತ್ತಾರಂತೆ, ಇದೂ ನಮ್ಮ ಹೈಕಮಾಂಡ್ ತರಹವೇ ಅಲ್ವಾ ಅಂತ ಕೇಳಿದ್ದೀರಿ.

ಪಕ್ಷದ ದೊಡ್ಡವರ ಪ್ರಭಾವ ಖಂಡಿತ ಇದೆ. ಆದರೆ ಸೂಪರ್ ಡೆಲಿಗೇಟ್‌ಗಳು ಪ್ರೈಮರಿ ಗೆದ್ದವರನ್ನು ಸೋಲಿಸಿ ಬೇರೆಯವರನ್ನು ಕೂರಿಸಿದ್ದು ಇದುವರೆಗೆ ಒಮ್ಮೆಯೂ ನಡೆದಿಲ್ಲ. ನಾನು 2008ರಿಂದ ಈ ಪ್ರೈಮರಿಗಳನ್ನು ಆಸಕ್ತಿಯಿಂದ ನೋಡುತ್ತಾ ಬಂದಿದ್ದೇನೆ. ಜನ ಮತ ಹಾಕುವ ಮುಂಚೆಯೇ ಅರ್ಧ ಕೆಲಸ ಮುಗಿದಿರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1968ರಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಯೂಜೀನ್ ಮೆಕಾರ್ಥಿ ಮತ್ತು ರಾಬರ್ಟ್ ಕೆನಡಿ ಪ್ರೈಮರಿಗಳಲ್ಲಿ ಓಡಾಡಿ ಮತ ಗಳಿಸಿದರು. ಕೆನಡಿ ಜೂನ್‌ನಲ್ಲಿ ಕೊಲೆಯಾದರು. ಡೆಲಿಗೇಟ್‌ಗಳು, ಅಂದರೆ ಪಕ್ಷದ ಪ್ರತಿನಿಧಿಗಳು, ಸೇರಿ ಅಭ್ಯರ್ಥಿಯನ್ನು ಆರಿಸುವ ಶಿಕಾಗೋ ಸಮಾವೇಶದಲ್ಲಿ ಅಭ್ಯರ್ಥಿಯಾಗಿದ್ದು ಮಾತ್ರ ಒಂದೂ ಪ್ರೈಮರಿಗೆ ಇಳಿಯದ ಹ್ಯೂಬರ್ಟ್ ಹಂಫ್ರಿ. ಹೊರಗೆ ಬೀದಿಯಲ್ಲಿ ಪೊಲೀಸರು ಪ್ರತಿಭಟನಾಕಾರರನ್ನು ಬಡಿಯುತ್ತಿದ್ದರು. ನೀವು ಹೇಳುವ ಹೈಕಮಾಂಡ್ ನಿಜವಾಗಿ ಇದ್ದದ್ದು ಆಗ. ಆ ಸಿಟ್ಟಿನಿಂದಲೇ ನಿಯಮಗಳು ಬದಲಾದವು, ಪ್ರೈಮರಿಗಳಿಗೆ ಬೆಲೆ ಬಂತು. ನಿಯಮ ಬದಲಿಸಿದ ಸಮಿತಿಯ ಮುಖ್ಯಸ್ಥರಾಗಿದ್ದ ಜಾರ್ಜ್ ಮೆಕ್‌ಗವರ್ನ್ 1972ರಲ್ಲಿ ತಾವೇ ಅಭ್ಯರ್ಥಿಯಾಗಿ 49 ರಾಜ್ಯಗಳಲ್ಲಿ ಸೋತರು. ಜನರ ಆಯ್ಕೆಯ ಜೊತೆಗೆ ಅನುಭವಿಗಳ ಮಾತೂ ಇರಲಿ ಅಂತ 1984ರಿಂದ ಸೂಪರ್ ಡೆಲಿಗೇಟ್‌ಗಳು ಬಂದರು. ಪಕ್ಷದ ಸಂಸದರು, ಗವರ್ನರ್‌ಗಳು, ರಾಷ್ಟ್ರೀಯ ಸಮಿತಿಯ ಸದಸ್ಯರು, ಮಾಜಿ ಅಧ್ಯಕ್ಷರು ಇದರಲ್ಲಿ ಇರುತ್ತಾರೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಸಂಸತ್ತಿಗೆ ಗೆದ್ದಾಗ ಆ ಗೆಲುವಿನಿಂದಲೇ ಅವರಿಗೂ ಈ ಸ್ಥಾನ ಸಿಕ್ಕಿತು.

ಈಗ 2016ಕ್ಕೆ ಬರೋಣ. ನಿಮ್ಮ ಅನುಮಾನದ ಮೂಲ ಬಹುಶಃ ಅಲ್ಲೇ ಇದೆ. ಮೊದಲ ಮತ ಬೀಳುವ ಮುಂಚೆಯೇ ನೂರಾರು ಸೂಪರ್ ಡೆಲಿಗೇಟ್‌ಗಳು ಹಿಲರಿ ಕ್ಲಿಂಟನ್ ಕಡೆ ಅಂತ ಹೇಳಿಬಿಟ್ಟಿದ್ದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬರ್ನಿ ಸ್ಯಾಂಡರ್ಸ್ ಸುಮಾರು 60 ಶೇಕಡಾ ಮತ ಪಡೆದು ಭರ್ಜರಿಯಾಗಿ ಗೆದ್ದರು. ಆದರೆ ಸೂಪರ್ ಡೆಲಿಗೇಟ್‌ಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಇಬ್ಬರಿಗೂ 15-15 ಡೆಲಿಗೇಟ್‌ಗಳು ಅಂತ ಬಂತು! ಜೂನ್ 7ರಂದು ಕ್ಯಾಲಿಫೋರ್ನಿಯಾ ಮತ ಹಾಕಬೇಕಿತ್ತು. ಹಿಂದಿನ ರಾತ್ರಿಯೇ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಇದೇ ಲೆಕ್ಕ ಹಿಡಿದು ಕ್ಲಿಂಟನ್ ಗೆದ್ದಾಯಿತು ಅಂದಿತು. ಇನ್ನೂ ಮತಗಟ್ಟೆಗೆ ಹೋಗದ ಮತದಾರನಿಗೆ ಹೇಗನ್ನಿಸಿರಬೇಡ? ಕ್ಲಿಂಟನ್ ಜನರ ಮತದಲ್ಲೂ 30 ಲಕ್ಷಕ್ಕಿಂತ ಹೆಚ್ಚು ಮುಂದಿದ್ದರು ಅನ್ನುವುದು ನಿಜ, ಅದನ್ನು ಮುಚ್ಚಿಡಬಾರದು. ಆದರೂ ಆಟ ಶುರುವಾಗುವ ಮುಂಚೆ ಒಬ್ಬರಿಗೆ ಅಂಕ ಕೊಟ್ಟು ಕೂರಿಸಿದ್ದು ತಪ್ಪು ಅಂತಲೇ ನಾನು ಹೇಳುತ್ತೇನೆ. ಜುಲೈನಲ್ಲಿ ವಿಕಿಲೀಕ್ಸ್ ಹೊರಹಾಕಿದ ಇಮೇಲ್‌ಗಳಲ್ಲಿ ಪಕ್ಷದ ಕಚೇರಿಯವರು ಸ್ಯಾಂಡರ್ಸ್ ಬಗ್ಗೆ ಆಡಿಕೊಂಡಿದ್ದು ಬಯಲಾಯಿತು. ರಾಷ್ಟ್ರೀಯ ಸಮಿತಿಯ ಅಧ್ಯಕ್ಷೆ ಡೆಬಿ ವಾಸರ್‌ಮನ್ ಶುಲ್ಟ್ಸ್ ಹುದ್ದೆ ಬಿಡಬೇಕಾಯಿತು.

2018ರಲ್ಲಿ ನಿಯಮ ಬಿಗಿಯಾಯಿತು. ಪ್ರೈಮರಿಯಲ್ಲೇ ಸ್ಪಷ್ಟ ಬಹುಮತ ಬಾರದಿದ್ದರೆ ಸಮಾವೇಶದ ಮೊದಲ ಸುತ್ತಿನಲ್ಲಿ ಸೂಪರ್ ಡೆಲಿಗೇಟ್‌ಗಳು ಮತ ಹಾಕುವಂತಿಲ್ಲ. 1952ರ ನಂತರ ಯಾವ ಪಕ್ಷದಲ್ಲೂ ಎರಡನೇ ಸುತ್ತು ನಡೆದಿಲ್ಲ. ಅಂದರೆ ಆ ಮತದ ಬಲ ಹೆಚ್ಚುಕಡಿಮೆ ಹೋಯಿತು. ಪ್ರಭಾವ ಹೋಯಿತಾ? ಇಲ್ಲ.

2020ರ ಆ ಒಂದು ವಾರವನ್ನು ನೋಡಿ. ಸ್ಯಾಂಡರ್ಸ್ ನೆವಾಡಾದಲ್ಲಿ ಗೆದ್ದು ಮುಂದಿದ್ದರು. ಫೆಬ್ರುವರಿ 26ಕ್ಕೆ ಸೌತ್ ಕ್ಯಾರೊಲಿನಾದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಜೋ ಬೈಡನ್‌ಗೆ ಬೆಂಬಲ ಘೋಷಿಸಿದರು. 29ಕ್ಕೆ ಅಲ್ಲಿ ಬೈಡನ್ ಗೆದ್ದರು. ಮಾರನೆಯ ದಿನ ಪೀಟ್ ಬುಟಿಜಜ್, ಅದರ ಮಾರನೆಯ ದಿನ ಏಮಿ ಕ್ಲೋಬುಚಾರ್ ಕಣ ಬಿಟ್ಟು ಬೈಡನ್ ಪಕ್ಕ ನಿಂತರು. ಮಾರ್ಚ್ 3ರಂದು 14 ರಾಜ್ಯಗಳಲ್ಲಿ ಬೈಡನ್ 10 ಗೆದ್ದರು. ಒಂದು ನಿಯಮವನ್ನೂ ಮುರಿಯಲಿಲ್ಲ, ಮತ ಹಾಕಿದ್ದೂ ಜನರೇ. ಆದರೆ ಮತಪತ್ರ ಕೈಗೆ ಬರುವಷ್ಟರಲ್ಲಿ ಆಯ್ಕೆಯೇ ಸಣ್ಣದಾಗಿತ್ತು. ಇದನ್ನು ನಾನು ಮೋಸ ಅನ್ನುವುದಿಲ್ಲ. ಕ್ಲೈಬರ್ನ್ ಎಲ್ಲರ ಮುಂದೆ ಮಾತಾಡಿದರು, ಅವರ ಮಾತಿಗೆ ಜನ ಬೆಲೆ ಕೊಟ್ಟರು.

ನನಗೆ ಬೇಸರ ತಂದಿದ್ದು 2024. ಬೈಡನ್ ವಿರುದ್ಧ ದೊಡ್ಡ ಹೆಸರಿನವರು ಯಾರೂ ನಿಲ್ಲದ ಪ್ರೈಮರಿಯಲ್ಲಿ ಜನ ಸುಮ್ನೆ ಮತ ಹಾಕಿದ ಹಾಗಾಯಿತು. ಜೂನ್ 27ರ ಚರ್ಚೆಯಲ್ಲಿ ಬೈಡನ್ ತಡವರಿಸಿದ ಮೇಲೆ ಪಕ್ಷದೊಳಗಿನ ಒತ್ತಡ ಹೆಚ್ಚಿತು. ಜುಲೈ 21ಕ್ಕೆ ಅವರು ಹಿಂದೆ ಸರಿದರು. ಎರಡು ವಾರ ಕಳೆಯುವಷ್ಟರಲ್ಲಿ ಡೆಲಿಗೇಟ್‌ಗಳ ಆನ್‌ಲೈನ್ ಮತದಾನದಲ್ಲಿ ಕಮಲಾ ಹ್ಯಾರಿಸ್ ಅಭ್ಯರ್ಥಿಯಾದರು. ಸಮಯ ಇರಲಿಲ್ಲ, ಒಪ್ಪುತ್ತೇನೆ. ಆದರೆ ಬೈಡನ್ ವಯಸ್ಸಿನ ಬಗ್ಗೆ ಒಳಗಿದ್ದವರು ಒಂದು ವರ್ಷ ಮುಂಚೆ ಬಾಯಿ ಬಿಟ್ಟಿದ್ದರೆ ಜನರಿಗೆ ನಿಜವಾದ ಆಯ್ಕೆ ಇರುತ್ತಿತ್ತು. ಆ ಮೌನವೂ ಪ್ರಭಾವವೇ.

ಹಾಗಂತ ದೊಡ್ಡವರ ಮಾತು ಯಾವಾಗಲೂ ನಡೆಯುತ್ತದೆ ಅಂದುಕೊಳ್ಳಬೇಡಿ. 2016ರಲ್ಲಿ ರಿಪಬ್ಲಿಕನ್ ನಾಯಕರು ಡೊನಾಲ್ಡ್ ಟ್ರಂಪ್‌ರನ್ನು ತಡೆಯಲು ಹೆಣಗಿದರು. ಪಕ್ಷದ ದೊಡ್ಡವರ ಒಲವಿದ್ದ ಅಭ್ಯರ್ಥಿ ಜೆಬ್ ಬುಷ್ ಪರವಾಗಿ 10 ಕೋಟಿ ಡಾಲರ್‌ಗೂ ಜಾಸ್ತಿ ಹಣ ಸೇರಿತ್ತು. ಬುಷ್ ಫೆಬ್ರುವರಿಯಲ್ಲೇ ಮನೆಗೆ ಹೋದರು.

ಮುಂದಿನ ಚುನಾವಣೆಯಲ್ಲಿ ಸೂಪರ್ ಡೆಲಿಗೇಟ್‌ಗಳ ಲೆಕ್ಕ ಬಿಡಿ. ಯಾವ ರಾಜ್ಯ ಮೊದಲು ಮತ ಹಾಕಬೇಕು ಅಂತ ಪಕ್ಷದ ಸಮಿತಿ ತೀರ್ಮಾನಿಸುವಾಗ ಗಮನಿಸಿ. ಯಾರು ಯಾವಾಗ ಕಣ ಬಿಡುತ್ತಾರೆ, ಬಿಟ್ಟ ಮೇಲೆ ಯಾರ ಪಕ್ಕ ನಿಲ್ಲುತ್ತಾರೆ ಅನ್ನುವುದನ್ನೂ ನೋಡಿ.