ಅರ್ಧಕ್ಕೆ ಮೂರನೇ ಒಂದು ಸೇರಿದರೆ ಐದನೇ ಎರಡೇ?

ಪ್ರಶ್ನೆ: ಐದನೇ ತರಗತಿಯ ಮಗ 1/2 + 1/3 = 2/5 ಎಂದೇ ಬರೆಯುತ್ತಾನೆ. ಲ.ಸಾ.ಅ. ಹೇಳಿಕೊಟ್ಟು ದಿನಕ್ಕೆ ಮೂವತ್ತು ಲೆಕ್ಕ ಮಾಡಿಸಿದೆ. ವಾರ ಕಳೆದರೆ ಮತ್ತೆ ಅದೇ ತಪ್ಪು. ಏನು ಮಾಡಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ಮೂವತ್ತು ಬೇಡ, ಎಂಟು ಸಾಕು. ಮಗನ ತಪ್ಪಿಗೊಂದು ಕಾರಣವಿದೆ. ಒಂದು ಕಿರುಪರೀಕ್ಷೆಯಲ್ಲಿ 7/10, ಇನ್ನೊಂದರಲ್ಲಿ 8/10 ಬಂದರೆ ಒಟ್ಟು 15/20 ಎಂದು ದೊಡ್ಡವರೇ ಬರೆಯುತ್ತೇವಲ್ಲ! ಅಲ್ಲಿ ಪೂರ್ಣವೇ ಹತ್ತರಿಂದ ಇಪ್ಪತ್ತಕ್ಕೆ ಹಿಗ್ಗಿದೆ. ಭಿನ್ನರಾಶಿ ಕೂಡುವಾಗ ಪೂರ್ಣ ಹಿಗ್ಗುವುದಿಲ್ಲ. ಎರಡೂ ಒಂದೇ ಅಳತೆಯ ರೊಟ್ಟಿಯ ಪಾಲು. ಇದನ್ನು ಬಾಯಿಬಿಟ್ಟು ಹೇಳಿ.

ಆಮೇಲೆ ಚೌಕಳಿ ಪುಸ್ತಕದಲ್ಲಿ 12 ಮನೆಗಳ ಒಂದು ಪಟ್ಟಿ ಎಳೆಯಿರಿ. ಅರ್ಧವೆಂದರೆ 6 ಮನೆ, ಮೂರನೇ ಒಂದೆಂದರೆ 4. ಬಣ್ಣ ತುಂಬಿದ್ದು 10/12. ಎರಡೆರಡು ಮನೆ ಜೋಡಿಸಿದರೆ 5/6. ಈಗ ಕೇಳಿ: ‘ಅರ್ಧ ರೊಟ್ಟಿಗೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ?’ 2/5 ಅರ್ಧಕ್ಕಿಂತ ಚಿಕ್ಕದು ತಾನೆ. ಲ.ಸಾ.ಅ. ಎಂದರೆ ಯಾವ ಮನೆಯನ್ನೂ ಮುರಿಯದೆ ಎರಡೂ ಪಾಲು ಕೂರುವ ಅತಿ ಚಿಕ್ಕ ಪಟ್ಟಿ. ಇಲ್ಲಿ 6 ಮನೆಯೂ ಸಾಕಿತ್ತು. ಅದನ್ನು ಅವನೇ ಕಂಡುಕೊಳ್ಳಲಿ.

ಅಭ್ಯಾಸಕ್ಕೆ ಕ್ರಮವಿರಲಿ. ಮೊದಲು ಒಂದೇ ಛೇದದವು. ನಂತರ ಒಂದು ಛೇದ ಇನ್ನೊಂದರ ಮಗ್ಗಿಯಲ್ಲೇ ಬರುವಂಥವು, 2/3 + 1/6 ಹಾಗೆ. ಆಮೇಲೆ 2/3 + 1/4. ಕೊನೆಗೆ 5/6 + 3/8: ಇಲ್ಲಿ ಛೇದಗಳನ್ನು ಸುಮ್ಮನೆ ಗುಣಿಸಿದರೆ 48, ಲ.ಸಾ.ಅ. 24 ಮಾತ್ರ. 20/24 + 9/24 = 29/24, ಅಂದರೆ 1 5/24. ಪ್ರತಿ ಲೆಕ್ಕಕ್ಕೂ ಮೊದಲು ಉತ್ತರ ಅರ್ಧಕ್ಕಿಂತ ಹೆಚ್ಚೋ, ಒಂದಕ್ಕಿಂತ ಹೆಚ್ಚೋ ಎಂದು ಹೇಳಿಸಿ. ಪೆನ್ಸಿಲ್ ಆಮೇಲೆ.

ಪ್ರಶ್ನೆ: ಕೂಡುವುದು ಸರಿ ಬರುತ್ತದೆ. 3¼ – 1⅔ ಕೊಟ್ಟರೆ ಮಗಳು ತಪ್ಪುತ್ತಾಳೆ.
– ಓದುಗರು, ಶಿರಸಿ

ಉತ್ತರ: ಅವಳ ಪುಸ್ತಕ ತೆರೆದು ಸಾಲ ತಂದ ಜಾಗ ನೋಡಿ. ಛೇದ ಸಮ ಮಾಡಿದಾಗ 3 3/12 – 1 8/12. ಮೂರರಿಂದ ಎಂಟು ಹೋಗದು, ಪಕ್ಕದ 3ರಿಂದ ಒಂದು ತರುತ್ತಾಳೆ, ಬಹುಶಃ ಹತ್ತು ಸೇರಿಸಿ 13/12 ಬರೆಯುತ್ತಾಳೆ. ಪೂರ್ಣಸಂಖ್ಯೆ ಕಳೆಯುವಾಗಿನ ಅಭ್ಯಾಸವದು. ಇಲ್ಲಿ ತಂದ ಒಂದಕ್ಕೆ 12/12ರ ಬೆಲೆ, ಹಾಗಾಗಿ 2 15/12 ಆಗಬೇಕು. ಉಳಿಯುವುದು 1 7/12. ‘ಒಂದು ರೊಟ್ಟಿಯನ್ನು ಎಷ್ಟು ಚೂರು ಮಾಡಿದೆ?’ ಎಂಬ ಪ್ರಶ್ನೆಯನ್ನು ಪ್ರತಿ ಬಾರಿ ಕೇಳಿ. ಕಳೆಯುವುದಕ್ಕೆ ಮುಂಚೆ ನಾಲ್ಕೈದು ದಿನ ಬರೀ ಈ ಬದಲಾವಣೆ ಮಾಡಿಸಿ: 4 1/5 = 3 6/5, 2 3/8 = 1 11/8.

ಇನ್ನೊಂದು, ಬರವಣಿಗೆ. ಓರೆಗೆರೆ ಬೇಡ, ಅಡ್ಡಗೆರೆ ಹಾಕಿಸಿ. ಅಂಶಕ್ಕೊಂದು ಸಾಲು, ಛೇದಕ್ಕೊಂದು ಸಾಲು. 1 1/2 ಒತ್ತೊತ್ತಾಗಿ ಬರೆದರೆ ಮುಂದಿನ ಹಂತದಲ್ಲಿ ಅವಳೇ ಅದನ್ನು 11/2 ಎಂದು ಓದಿಕೊಳ್ಳುತ್ತಾಳೆ.